ಮಾರ್ಚ್‌ಗೆ ಬಿದ್ದ ಹನ್ನೆರಡು ತಿಂಗಳು

ಪ್ರೀತಿಯ ಟಾಲೀಟಾ ಅಕ್ಕನಿಗೆ,

ಈ ಕಾಗದವನ್ನು ನೀನು ಓದದೆ ಹರಿದು ಹಾಕಬಹುದು ಎಂಬ ಭಯಕ್ಕೇ ಲೂಪೆ ಚಿಕ್ಕಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳೆದುರು ಹರಿದರೆ ಅವಳು ಸುಮ್ಮನಿರುವವಳಲ್ಲ. ಚೂರುಗಳನ್ನು ಆಯ್ದು ಜೋಡಿಸಿಕೊಂಡು ಜೋರಾಗಿ ಓದುತ್ತಾಳೆ, ಪಾಗೋ ಪಾಗೋದ ಅರ್ಧ ಕೇರಿಗೆ ಕೇಳಿಸುತ್ತದೆ. ಫೋನು ಮಾಡಿ ಮಾಡಿ ಸಾಕಾಯಿತು. ನನ್ನ ನಂಬರು ಕಂಡರೆ ನೀನು ತೆಗೆಯುವುದಿಲ್ಲ, ಅದು ನ್ಯಾಯವೇ. ತೆಗೆದಿದ್ದರೂ ನಾನು ಅತ್ತು, ಏನೂ ಹೇಳಲಾರದೆ ಇಟ್ಟುಬಿಡುತ್ತಿದ್ದೆ. ಬರೆಯುವಾಗ ಅತ್ತರೆ ಯಾರಿಗೂ ಕಾಣಿಸುವುದಿಲ್ಲ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲಿನದನ್ನು ಓದುವುದು ಬಿಡುವುದು ನಿನ್ನಿಷ್ಟ. ನೀನು ಸುಳ್ಳು ಬರೆದಿರಲಿಲ್ಲ. ಹೋದ ವರ್ಷದ ಹನ್ನೆರಡು ತಿಂಗಳೂ, ಒಂದೂ ತಪ್ಪದೆ, ನೀನು ನಮ್ಮೂರಿನ ನೀರನ್ನು ಪರೀಕ್ಷೆ ಮಾಡಿದ್ದೆ. ತಪ್ಪಿದ್ದು ನಾನು. ಇಷ್ಟನ್ನು ಜನವರಿಯಲ್ಲಿ ಮಹಿಳಾ ಸಂಘದ ಎದುರು ಹೇಳಿದ್ದರೆ ಈ ಕಾಗದವೇ ಬೇಕಾಗುತ್ತಿರಲಿಲ್ಲ. ಆಗ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಅದು ಅರ್ಧ ನಿಜ. ಉಳಿದರ್ಧವನ್ನು ಬರೆಯುವುದಕ್ಕೇ ಕೂತಿದ್ದೇನೆ.

ಸಮುದ್ರದಾಚೆ, ಅಮೆರಿಕದವರ ಕೈಕೆಳಗಿನ ತುತುಯಿಲಾ ದ್ವೀಪದಲ್ಲಿ, ಪಾಗೋ ಪಾಗೋದ ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿ ದುಡಿದು, ಹುಟ್ಟಿದೂರೇ ಬೇಕೆಂದು ನೀನು ನಮ್ಮ ಸವಾಯಿ ದ್ವೀಪಕ್ಕೆ ವಾಪಸು ಬಂದಾಗ ಊರೆಲ್ಲ ಹಿಗ್ಗಿತ್ತು. ಬೀಗ ಹಾಕಿದ್ದ ಆರೋಗ್ಯ ಕೇಂದ್ರ ತೆರೆಯಿತು. ಬೀಗದ ಕೈಗೆ ನೀನೊಂದು ಕೆಂಪು ಬಟ್ಟೆಯ ಚೂರು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಲ್ಲಿಂದ ಶುರುವಾಯಿತು ನಿನ್ನ ಬಾಟಲಿ ವ್ರತ. ತಿಂಗಳ ಮೂರನೇ ತಾರೀಖು ಬಂತೆಂದರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಡಬ್ಬಿ ಹಿಡಿದು ಸಮುದ್ರದಂಚಿನ ಸಿಹಿನೀರ ಕೊಳಕ್ಕೆ ಇಳಿಯುತ್ತಿದ್ದೆ. ಊರಿಗೆಲ್ಲ ಕೊಳವೆಯಲ್ಲಿ ಬರುವುದು ಅದೇ ನೀರು. ಪುಟ್ಟ ಬಾಟಲಿ ತುಂಬಿ ಎರಡು ದಿನ ಇಡುವುದು. ನೀರು ಹಾಗೇ ಇದ್ದರೆ ಒಳ್ಳೆಯದು, ಕಪ್ಪಾದರೆ ಕೆಟ್ಟದ್ದು. ಕಪ್ಪಾದ ದಿನ ನೀನು ಆ ಬಾಟಲಿಯನ್ನು ಎತ್ತಿ ಹಿಡಿದುಕೊಂಡು ಊರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಬಾಯಲ್ಲಿ ಒಂದೂ ಮಾತಿಲ್ಲ. ಸಂಜೆಯೊಳಗೆ ಎಲ್ಲರ ಒಲೆಯ ಮೇಲೂ ನೀರು ಕುದಿಯುತ್ತಿತ್ತು.

ಮೂರನೇ ತಾರೀಖೇ ಯಾಕೆ ಎಂದು ಕೇಳಿದ್ದಕ್ಕೆ ನೀನಂದದ್ದು ನೆನಪಿದೆ. "ಒಂದನೇ ತಾರೀಖು ಎಲ್ಲರದ್ದು, ಎರಡನೇದು ಸೋಮಾರಿಗಳದ್ದು, ಮೂರನೇದು ನಂದು ಕಣೆ." ಸೆಪ್ಟೆಂಬರ್‌ನಲ್ಲಿ ನಿನ್ನ ಮೂರನೇ ತಾರೀಖು ಭಾನುವಾರ ಬಿತ್ತು. ಬಿಳಿ ಟೊಪ್ಪಿಗೆಯಿಟ್ಟು ಚರ್ಚಿಗೆ ಹೊರಟಿದ್ದ ಎಸೇಟಾ ಅತ್ತೆ, ಸಂಘದ ಅಧ್ಯಕ್ಷೆಯ ಗತ್ತಿನಲ್ಲೇ ನಿನ್ನನ್ನು ದಾರಿಯಲ್ಲಿ ತಡೆದರು. "ಇವತ್ತು ದೇವರ ದಿನ. ಇವತ್ತೂ ಆ ಬಾಟಲಿ ಹಿಡ್ಕೊಂಡು ಓಡಾಡ್ಬೇಕಾ ನೀನು?" ನೀನು ನಿಂತಲ್ಲೇ, "ಕ್ರಿಮಿಗಳು ಚರ್ಚಿಗೆ ಹೋಗಲ್ವಲ್ಲ ಅತ್ತೆ" ಅಂದೆ. ನಾನು ಹಿಂದಿದ್ದೆ. ನಗು ತಡೆಯಲಾರದೆ ಬೈಬಲ್ಲನ್ನು ಮುಖಕ್ಕೆ ಹಿಡಿದುಕೊಂಡೆ. ಆ ಭಾನುವಾರವನ್ನು ಚೆನ್ನಾಗಿ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ನಾವಿಬ್ಬರೂ, ನಾನೂ ಎಸೇಟಾ ಅತ್ತೆಯೂ, ಅದನ್ನು ಮರೆತೇಬಿಟ್ಟೆವು.

ನಾನೇನು ಮಾಡುತ್ತಿದ್ದೆನೆಂದು ನಿನಗೆ ಗೊತ್ತು. ಜಿಲ್ಲಾಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು, ಒಂಬತ್ತು ಊರಿನ ನರ್ಸ್‌ಗಳು ಕಳಿಸುವ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕುವುದು. ನನಗಿಂತ ಮುಂಚೆ ಇದ್ದಾಕೆ ಪೆನ್ಸಿಲ್ ಹಿಡಿದು ಸಾಲುಗಳನ್ನು ಎಣಿಸುತ್ತಿದ್ದಳು. ಹನ್ನೆರಡು ಸಾಲು, ಹನ್ನೆರಡು ತಿಂಗಳು, ಮುಗಿಯಿತು. ನನಗೆ ಮಾತ್ರ ರಾಜಧಾನಿ ಆಪಿಯಾಕ್ಕೆ ಕರೆಸಿ ಮೂರು ದಿನ ತರಬೇತಿ ಕೊಟ್ಟರು. ಅಲ್ಲಿ ಕಲಿತದ್ದು ಪಿವೋಟ್ ಟೇಬಲ್. ಸ್ಪ್ರೆಡ್‌ಶೀಟಿನಲ್ಲಿ ಸಾವಿರ ಸಾಲಿದ್ದರೂ ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ಪುಟಕ್ಕೆ ಇಳಿಸುತ್ತದೆ, ಅಕ್ಕ. ಊರುಗಳ ಹೆಸರನ್ನು ಮೇಲೆ ಅಡ್ಡಕ್ಕೆ ಇಡುವುದು, ತಾರೀಖುಗಳನ್ನು ಎಡಕ್ಕೆ ಇಡುವುದು. ಯಾವುದಾದರೂ ತಾರೀಖಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಗುಂಪು ಮಾಡು' ಅನ್ನುವುದು, 'ತಿಂಗಳ ಪ್ರಕಾರ' ಅನ್ನುವುದು. ಅಷ್ಟೇ. ದಿನಗಳೆಲ್ಲ ಮಾಯವಾಗಿ ತಿಂಗಳುಗಳು ಸಾಲಾಗಿ ನಿಲ್ಲುತ್ತವೆ. ಮೊದಲ ಸಲ ಮಾಡಿದಾಗ ನನಗೆ ಮೈ ಜುಮ್ಮೆಂದಿತ್ತು. ಶಾಲೆಯಲ್ಲಿ ಎಂದೂ ಮೊದಲ ಬೆಂಚಿನಲ್ಲಿ ಕೂರದ ಹುಡುಗಿಗೆ ಇಷ್ಟು ಕೈಗೆ ಬಂತಲ್ಲ ಎಂಬ ಸೊಕ್ಕು.

ಜನವರಿ ಮೊದಲ ವಾರ ಒಂಬತ್ತೂ ಊರಿನ ನೀರಿನ ಲೆಕ್ಕ ತೆಗೆದೆ. ನಿನ್ನ ಪುಸ್ತಕದಲ್ಲಿ ಹೇಗಿತ್ತೋ ಹಾಗೇ, ಒಂದಂಕಿ ಆಚೀಚೆಯಾಗದಂತೆ ಹಾಕಿದೆ. 01/03. 02/03. 03/03. 04/03. ಹೀಗೇ 12/03ರವರೆಗೆ. ಗುಂಪು ಮಾಡು ಅಂದೆ. ಎಂಟು ಊರುಗಳ ಕೆಳಗೆ ಪ್ರತಿ ತಿಂಗಳಿಗೂ ಒಂದೊಂದು ಬಂತು. ನಮ್ಮೂರಿನ ಕೆಳಗೆ ಜನವರಿ ಖಾಲಿ, ಫೆಬ್ರವರಿ ಖಾಲಿ, ಮಾರ್ಚ್‌ಗೆ ಹನ್ನೆರಡು, ಅಲ್ಲಿಂದಾಚೆ ವರ್ಷವಿಡೀ ಖಾಲಿ.

ನಾನು ತಾರೀಖುಗಳನ್ನು ಮತ್ತೆ ನೋಡಿದೆ. ಮಾರ್ಚ್ ಒಂದು, ಮಾರ್ಚ್ ಎರಡು, ಮಾರ್ಚ್ ಮೂರು, ಹೀಗೇ ಸಾಲಾಗಿ ಮಾರ್ಚ್ ಹನ್ನೆರಡು. ಹನ್ನೆರಡು ದಿನ ಒಂದೇ ಸಮ ಬರೆದು ವರ್ಷದ ಪುಟ ತುಂಬಿಸಿದ್ದಾಳೆ ಎಂದುಕೊಂಡೆ. ಅದೂ ಮಾರ್ಚ್ ಆರರಿಂದ ಇಪ್ಪತ್ತರವರೆಗೆ ನೀನು ಊರಲ್ಲೇ ಇರಲಿಲ್ಲ, ಮೊಮ್ಮಗಳು ಹುಟ್ಟಿದಳೆಂದು ಪಾಗೋ ಪಾಗೋಕ್ಕೆ ಹೋಗಿದ್ದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆರೋಗ್ಯ ಕೇಂದ್ರ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಬಂದು, "ಅಕ್ಕ, ಇದೇನಿದು?" ಎಂದು ಕೇಳಿದ್ದರೆ ನೀನು ಅಲ್ಲೇ ನನ್ನ ತಲೆಗೆ ಮೊಟಕಿ ಹೇಳುತ್ತಿದ್ದೆ. ಕೇಳಲಿಲ್ಲ. ಅದರ ಹಿಂದಿನ ತಿಂಗಳಷ್ಟೇ ನೀನು ಆಸ್ಪತ್ರೆಯ ಹುಡುಗಿಯರೆಲ್ಲರ ಎದುರಿಗೆ ನನ್ನ ಬರಹ ಎತ್ತಿ ತೋರಿಸಿ, "ಪೆನೀನಾ, ನೀನು ಬರೆದ ಏಳು ಒಂದರ ತರ ಕಾಣುತ್ತೆ, ಒಂದು ಏಳರ ತರ ಕಾಣುತ್ತೆ. ನಿನ್ನ ನಂಬಿದ್ರೆ ಜನ ಔಷಧಿ ತಿಂದೇ ಸಾಯ್ತಾರೆ" ಅಂದಿದ್ದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಉರಿದಿತ್ತು. ಮಾರ್ಚ್‌ಗೆ ಹನ್ನೆರಡು ಎಂದು ಕಂಡಾಗ ನನಗೆ ಬೇಸರಕ್ಕಿಂತ ಮೊದಲು ಬೇರೇನೋ ಆಯಿತು. ಅದನ್ನು ಖುಷಿ ಅನ್ನಲು ನಾಚಿಕೆ, ಆದರೆ ಅದಕ್ಕೆ ಬೇರೆ ಹೆಸರಿಲ್ಲ. ಆ ಪುಟವನ್ನು ಬಣ್ಣದಲ್ಲಿ ಪ್ರಿಂಟ್ ತೆಗೆದು, ಆ ಹನ್ನೆರಡನ್ನು ಹಳದಿ ಮಾಡಿ, ಎಸೇಟಾ ಅತ್ತೆಯ ಕೈಗೆ ಕೊಟ್ಟೆ.

ಸಂಘದ ಮನೆಯಲ್ಲಿ ಅವತ್ತು ಏನಾಯಿತೆಂದು ನಿನಗೆ ನಾನು ಹೇಳಬೇಕಿಲ್ಲ. ಆದರೂ ಬರೆಯುತ್ತೇನೆ, ನಾನು ಅದನ್ನು ಮರೆತಿಲ್ಲವೆಂದು ನಿನಗೆ ಗೊತ್ತಾಗಲಿ. ಮೂವತ್ತು ಹೆಂಗಸರು ಚಾಪೆಯ ಮೇಲೆ ಸುತ್ತ ಕೂತಿದ್ದರು. ಹಾಳೆ ಕೈಯಿಂದ ಕೈಗೆ ಹೋಗುತ್ತಿತ್ತು. ನೀನು, "ಪ್ರತಿ ತಿಂಗಳೂ ಮಾಡಿದೀನಿ. ಮಾರ್ಚ್‌ನಲ್ಲಿ ಮಾಡಿದ್ದು ಒಂದೇ ಸಲ" ಅಂದೆ. ಎಸೇಟಾ ಅತ್ತೆ ನಿನ್ನ ಪುಸ್ತಕ ತೋರಿಸಿ, "ಇದು ನಿನ್ನ ಕೈಬರಹ ತಾನೇ?" ಅಂದರು. "ನಂದೇ." "ನೀನೇ ಹಾಕಿದ ತಾರೀಖು ತಾನೇ?" "ನಾನೇ ಹಾಕಿದ್ದು." ಆಮೇಲೆ ನನ್ನ ಕಡೆ ತಿರುಗಿ, "ಪುಸ್ತಕದಲ್ಲಿರೋದೇ ಏನೇ ಈ ಹಾಳೇಲಿರೋದು?" ಎಂದು ಕೇಳಿದರು. ನಾನು, "ಹೌದತ್ತೆ, ಅಕ್ಷರಕ್ಕೆ ಅಕ್ಷರ" ಅಂದೆ. ಅದು ನಿಜವೇ ಆಗಿತ್ತು. ಜೀವಮಾನದಲ್ಲಿ ನಾನು ಹೇಳಿದ ನಿಜಗಳಲ್ಲಿ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ನೀನು ನನ್ನನ್ನೇ ನೋಡಿದೆ, ಅಕ್ಕ. ಆ ನೋಟ ಯಾಕೆಂದು ನನಗೆ ಆಗಲೇ ಗೊತ್ತಿತ್ತು. ಅರ್ಧ ನಿಜ ಎಂದೆನಲ್ಲ, ಉಳಿದರ್ಧ ಇದೇ. ಜುಲೈಯಲ್ಲಿ, ಮೂರನೇ ತಾರೀಖು, ನಿನ್ನ ಕಾಲು ಉಳುಕಿತ್ತು. ನಾನೇ ತಮ್ಮನ ಪಿಕಪ್ಪಿನಲ್ಲಿ ನಿನ್ನನ್ನು ಕೊಳದ ದಂಡೆಗೆ ಕರೆದುಕೊಂಡು ಹೋದೆ. ಬಾಟಲಿಯ ಡಬ್ಬಿ ನನ್ನ ತೊಡೆಯ ಮೇಲಿತ್ತು. ನೀನು ಕಲ್ಲಿನ ಮೇಲೆ ಕೂತು, "ಇನ್ನೂ ಸ್ವಲ್ಪ ಒಳಗೆ ಹೋಗೇ, ದಂಡೇಲಿ ತುಂಬಬೇಡ" ಎಂದು ಗದರಿದೆ, ನನ್ನ ಲಂಗ ಮಂಡಿಯವರೆಗೆ ನೆನೆಯಿತು. ಜುಲೈ ತಿಂಗಳ ನೀರನ್ನು ಬಾಟಲಿಗೆ ತುಂಬಿದವಳು ನಾನು. ಆ ಹಾಳೆಯಲ್ಲಿ ಜುಲೈ ಖಾಲಿ ಎಂದು ತೋರಿಸಿದವಳೂ ನಾನು. ಬಾಯಿಬಿಟ್ಟು, "ಜುಲೈಯಲ್ಲಿ ನಾನೇ ಜೊತೆಗಿದ್ದೆ" ಎಂದಿದ್ದರೆ ಸಾಕಿತ್ತು. ಆದರೆ ಹಾಳೆ ಅಷ್ಟು ಚೆನ್ನಾಗಿ ಬಂದಿತ್ತು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ, ನನ್ನ ನೆನಪೇ ತಪ್ಪಿರಬೇಕು, ಅದು ಬೇರೆ ವರ್ಷದ ಜುಲೈ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಒದ್ದೆ ಲಂಗವನ್ನು ನಂಬದೆ ಹಳದಿ ಬಣ್ಣವನ್ನು ನಂಬಿದೆ.

ನೀನು ಸೊಂಟದಿಂದ ಬೀಗದ ಕೈ ತೆಗೆದು ಚಾಪೆಯ ಮೇಲಿಟ್ಟೆ. ಎದ್ದು, ಕೂತವರ ಮುಂದೆ ಬಗ್ಗದೆ, ದಾಟಲು ಅಪ್ಪಣೆ ಕೇಳುವ "ತುಲೋ" ಅನ್ನದೆ, ನೆಟ್ಟಗೆ ನಡುವಿನಿಂದಲೇ ನಡೆದು ಹೋದೆ. ನೀರಿನ ಮಾತು ಅಲ್ಲಿಗೇ ನಿಂತಿತು. ಹಿರಿಯರ ತಲೆಯ ಮಟ್ಟಕ್ಕಿಂತ ಎತ್ತರವಾಗಿ ನಡೆದು ಹೋದಳಲ್ಲ ಎಂದು ಎಲ್ಲರೂ ಬಾಯಿ ಬಾಯಿ ಬಿಟ್ಟರು. ಅದೇ ಅಪರಾಧಕ್ಕೆ ಸಾಕ್ಷಿಯಾಯಿತು. ವಾರದೊಳಗೆ ನೀನು ಹಡಗು ಹತ್ತಿ ಮತ್ತೆ ಪಾಗೋ ಪಾಗೋಕ್ಕೆ ಹೋಗಿದ್ದೆ.

ನೀನು ಹೋದ ಮೇಲಿನದು ನಿನಗೆ ಗೊತ್ತಿರಲಾರದು. ಊರಿನಲ್ಲಿ ಒಂದು ಹೊಸ ಮಾತು ಹುಟ್ಟಿತು. ಯಾರಾದರೂ ಬೇಲಿ ಕಟ್ಟದೆ, ಕಳೆ ಕೀಳದೆ ಕೂತರೆ, "ಮಾರ್ಚ್‌ನಲ್ಲಿ ಮಾಡ್ತಾನೆ ಬಿಡು" ಅನ್ನುವುದು. ಮೀನು ಹಿಡಿಯುವವರು ಅಂದರು, ಚರ್ಚಿನ ಹಾಡು ಕಲಿಯಲು ಬಂದ ಮಕ್ಕಳೂ ಅಂದರು. ನಿನ್ನ ಅಣ್ಣ ಆಪೆಲು ಅಂಗಡಿಗೆ ಬಂದರೆ ಅಲ್ಲಿ ಕೂತವರು ಮಾತು ನಿಲ್ಲಿಸುತ್ತಿದ್ದರು. ಅವನ ಹೆಂಡತಿ ಸಂಘದ ಕೂಟಕ್ಕೆ ಬರುವುದನ್ನೇ ಬಿಟ್ಟಳು. ಒಂದು ಸಲ ನಾನೂ ನಗೆಯಲ್ಲಿ ಸೇರಿದ್ದೇನೆ. ಬೇಡವೆಂದರೂ ಬರೆಯಬೇಕೆನಿಸಿತು.

ಇನ್ನು ನನ್ನ ಕಣ್ಣು ತೆರೆದದ್ದು ಹೇಗೆಂದು ಕೇಳು. ಲೂಪೆ ಚಿಕ್ಕಮ್ಮ ಪಾಗೋ ಪಾಗೋದಿಂದ ನಮ್ಮನ್ನು ನೋಡಲು ಬರುವವಳಿದ್ದಳು. "06/07ಕ್ಕೆ ಬರ್ತೀನಿ, ಹಡಗುಕಟ್ಟೆಗೆ ಬಾ" ಎಂದು ಬರೆದು ಕಳಿಸಿದ್ದಳು. ಜುಲೈ ಆರು ತಾನೇ, ಇನ್ನೂ ದೂರವಿದೆ ಎಂದು ನಾನು ಹಾಯಾಗಿದ್ದೆ. ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ ಫೋನು ಬಂತು. ಸಲೆಲೊಲೋಗಾ ಹಡಗುಕಟ್ಟೆಯಲ್ಲಿ, ಎರಡು ಐಸ್ ಪೆಟ್ಟಿಗೆಗಳ ಮೇಲೆ ಕೂತು ಅವಳು ನಾಲ್ಕು ತಾಸಿನಿಂದ ಬೇಯುತ್ತಿದ್ದಳು.

"ಎಲ್ಲಿ ಸತ್ತೆಯೇ? ತಂದಿರೋ ಮಾಂಸ ಎಲ್ಲಾ ಕರಗಿ ನೀರಾಗ್ತಿದೆ ಇಲ್ಲಿ."

"ಚಿಕ್ಕಮ್ಮ, ನೀನು ಬರೋದು ಮುಂದಿನ ತಿಂಗಳಲ್ವಾ?"

"ಬರೆದಿರಲಿಲ್ವೇನೇ? ಆರನೇ ತಿಂಗಳು, ಏಳನೇ ತಾರೀಖು."

"ನೀನು ಬರೆದಿದ್ದು ಆರನೇ ತಾರೀಖು, ಏಳನೇ ತಿಂಗಳು."

"ತಿಂಗಳಲ್ವೇನೇ ಮೊದಲು ಬರೋದು? ನಮ್ಮಲ್ಲಿ ಹುಟ್ಟಿದ ಮಗೂಗೂ ಗೊತ್ತು. ನಿಮ್ಮ ಸವಾಯಿಯೋರು ಎಲ್ಲಾನೂ ತಲೆಕೆಳಗೆ ಹಿಡಿದು ಓದ್ತೀರಾ."

ಫೋನು ಕಿವಿಗೆ ಹಿಡಿದುಕೊಂಡೇ ನಾನು ತೊಡೆಯ ಮೇಲೆ ಬೆರಳಿನಿಂದ 04/03 ಎಂದು ಬರೆದು ನೋಡಿದೆ. ಅವಳು ಇನ್ನೂ ಬೈಯುತ್ತಿದ್ದಳು, ನನಗೆ ಕೇಳಿಸುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಅಲ್ಲಿ ಇದ್ದು ಬಂದವಳ ಕೈ, ತಾರೀಖನ್ನು ಹೇಗೆ ಬರೆಯುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ನಿನಗೂ ಹೊಳೆಯಲಿಲ್ಲ, ಉಸಿರಾಡುವುದು ಹೇಗೆಂದು ಯಾರು ಯೋಚಿಸುತ್ತಾರೆ.

ಅವಳನ್ನು ಮನೆಗೆ ತಂದು ಬಿಟ್ಟವಳೇ ಆಸ್ಪತ್ರೆಗೆ ಓಡಿದೆ. ನಿನ್ನ ಪುಸ್ತಕ ತೆಗೆದೆ. 04/03 ಅಂದರೆ ಏಪ್ರಿಲ್ ಮೂರು. 05/03 ಅಂದರೆ ಮೇ ಮೂರು. ಹನ್ನೆರಡು ತಿಂಗಳ ಹನ್ನೆರಡು ಮೂರನೇ ತಾರೀಖು. ತಾರೀಖಲ್ಲದ್ದು ಒಂದಿದ್ದರೂ ಈ ಟೇಬಲ್ಲು ಗುಂಪು ಮಾಡಲಾರೆ ಎಂದು ಹಟ ಹಿಡಿಯುತ್ತದೆ, ಅಕ್ಕ. ನೀನು ಹದಿನೈದನೇ ತಾರೀಖು ಬಾಟಲಿ ತುಂಬುವವಳಾಗಿದ್ದರೆ 04/15 ಎಂದು ಬರೆದಿರುತ್ತಿದ್ದೆ, ಹದಿನೈದನೇ ತಿಂಗಳು ಎಲ್ಲಿದೆ ಎಂದು ಅದು ಅವತ್ತೇ ತಕರಾರು ಎತ್ತುತ್ತಿತ್ತು. ನಿನ್ನ ಮೂರಕ್ಕೆ ತಕರಾರಿರಲಿಲ್ಲ. ಯಾವ ಕಡೆಯಿಂದ ಓದಿದರೂ ಅದು ತಾರೀಖೇ. ನಿನ್ನ ಶಿಸ್ತೇ ನಿನಗೆ ಮುಳುವಾಯಿತು.

ತಿಂಗಳು ದಿನಗಳನ್ನು ಅದಲು ಬದಲು ಮಾಡಿ ಮತ್ತೆ ಗುಂಪು ಮಾಡು ಅಂದೆ. ಜನವರಿಗೆ ಒಂದು. ಫೆಬ್ರವರಿಗೆ ಒಂದು. ಮಾರ್ಚ್‌ಗೆ ಒಂದು. ಡಿಸೆಂಬರಿನವರೆಗೆ ಒಂದರ ಕೆಳಗೊಂದು ಒಂದು, ಚರ್ಚಿನ ಮಕ್ಕಳ ಹಬ್ಬದ ಭಾನುವಾರ ಬಿಳಿಯುಟ್ಟು ಸಾಲಾಗಿ ನಿಲ್ಲುವ ಪುಟಾಣಿಗಳ ಹಾಗೆ. ಆಮೇಲೆ ಪುಸ್ತಕದ ಪುಟವನ್ನು ಮೊದಲ ಬಾರಿಗೆ ಕಣ್ಣುಬಿಟ್ಟು ನೋಡಿದೆ. ಒಂದು ಸಾಲು ನೀಲಿ, ಒಂದು ಕಪ್ಪು, ಒಂದು ಹಸಿರು, ಆಗಸ್ಟ್‌ನದು ಪೆನ್ಸಿಲ್. ಅಕ್ಟೋಬರ್ ಸಾಲಿನ ಮೇಲೆ ಕೋಕೋ ಲೋಟದ ಉಂಗುರ. ಹನ್ನೆರಡು ದಿನದಲ್ಲಿ ಕೂತು ಸುಳ್ಳು ಬರೆಯುವವಳು ಇಷ್ಟು ಪೆನ್ನು ಬದಲಾಯಿಸುತ್ತಾಳೆಯೇ? ಇದೆಲ್ಲ ಜನವರಿಯಲ್ಲೂ ಅಲ್ಲೇ ಇತ್ತು. ನಾನು ಅಂಕಿ ನೋಡಿದ್ದೆ, ಪುಟ ನೋಡಿರಲಿಲ್ಲ.

ನಮ್ಮ ಮನೆತನದ ಯಜಮಾನ, ಮತಾಯಿ ವಾವೇ ದೊಡ್ಡಪ್ಪನ ಹತ್ತಿರ ಹೋಗಿ, ಆಪೆಲು ಅಣ್ಣನ ಮನೆಯೆದುರು ಚಾಪೆ ಹೊದ್ದು ಕ್ಷಮೆ ಬೇಡುವ ಇಫೋಗಾಗೆ ಕೂರಬೇಕು, ನೀವು ಮುಂದಿರಬೇಕು ಎಂದೆ. ಅವರು ಕಾಲು ಮಡಿಚಿಕೊಂಡು ಕೂತು ನನ್ನನ್ನು ಮೇಲೆ ಕೆಳಗೆ ನೋಡಿದರು.

"ಯಾರಿಗೆ ಹೊಡೆದೆ?"

"ಯಾರಿಗೂ ಹೊಡೆದಿಲ್ಲ ದೊಡ್ಡಪ್ಪ."

"ಯಾರ ಗಂಡನ ಹಿಂದೆ ಬಿದ್ದೆ?"

"ಇಲ್ಲ ದೊಡ್ಡಪ್ಪ."

"ಮತ್ತೆ? ಜಮೀನಿನ ಗಡಿ ಜರುಗಿಸಿದ್ಯಾ?"

"ತಾರೀಖು ಜರುಗಿಸಿದೆ."

ಅರ್ಥವಾಗಲಿಲ್ಲ ಅವರಿಗೆ. ಅಂಗಳದಲ್ಲಿ ಹನ್ನೆರಡು ತೆಂಗಿನಕಾಯಿ ಸಾಲಾಗಿ ಇಟ್ಟೆ, ತಿಂಗಳಿಗೊಂದು. ಆಮೇಲೆ ಎಲ್ಲವನ್ನೂ ಮೂರನೇ ಕಾಯಿಯಿದ್ದ ಜಾಗಕ್ಕೆ ಗುಡ್ಡೆ ಹಾಕಿದೆ. ನಾನು ಮಾಡಿದ್ದು ಇದು ಅಂದೆ. ಅವರು ಆ ಖಾಲಿ ಜಾಗಗಳನ್ನು ಒಂದೊಂದಾಗಿ ಬೆರಳು ತೋರಿಸಿ ಎಣಿಸಿದರು. "ಅಂದ್ರೆ ಅವಳ ಹನ್ನೊಂದು ತಿಂಗಳು ಕದ್ದೆ ನೀನು." ನಾನು ಹೂಂ ಅಂದೆ. "ಹೋಗು, ನಿಮ್ಮಮ್ಮನ ಚಾಪೆ ತೆಗಿ" ಅಂದರು.

ಅಮ್ಮ ಎರಡು ವರ್ಷ ಕೂತು ನೇಯ್ದ ಆ ನಯವಾದ ಚಾಪೆ ನನ್ನ ಮದುವೆಗೆಂದು ಇಟ್ಟಿದ್ದು. ಬೆಳಗಾಗುವ ಮುಂಚೆ ಆಪೆಲು ಅಣ್ಣನ ಮನೆಯೆದುರು ಅದನ್ನು ತಲೆಯ ಮೇಲೆ ಹೊದ್ದು, ದೊಡ್ಡಪ್ಪ, ತಮ್ಮ, ನಾನು, ಲೂಪೆ ಚಿಕ್ಕಮ್ಮ ಕೂತೆವು. ಮಂಡಿಯ ಕೆಳಗೆ ಜಲ್ಲಿಕಲ್ಲು. ಚಾಪೆಯೊಳಗೆ ಏನೂ ಕಾಣಿಸುವುದಿಲ್ಲ, ಬಿಸಿಲು ಏರಿದ್ದು ಬೆನ್ನಿಗೆ ಗೊತ್ತಾಗುತ್ತದೆ ಅಷ್ಟೇ. ಒಳಗೆ ಜನ ಓಡಾಡುವುದು ಕೇಳಿಸುತ್ತಿತ್ತು, ಯಾರೂ ಹೊರಗೆ ಬರಲಿಲ್ಲ. ಕೊನೆಗೆ ಆಪೆಲು ಅಣ್ಣ ಬಂದು ಚಾಪೆ ಎತ್ತಿದ. ಕಣ್ಣು ಕೆಂಪಾಗಿತ್ತು. "ನನ್ನ ಮನೆ ಮಟ್ಟಿಗೆ ಮುಗೀತು. ಏಳಿ, ಕೋಕೋ ಕುಡೀರಿ. ಆದ್ರೆ ಅವಳ ಪರವಾಗಿ ಕ್ಷಮಿಸೋಕೆ ನಾನ್ಯಾರು? ಹೋಗೋ ಹಿಂದಿನ ದಿನ ನಾನೂ ಅವಳನ್ನ ಕೂರಿಸ್ಕೊಂಡು, ನಿಜ ಹೇಳು ಅಂತ ಕೇಳಿದ್ದೆ." ಅಷ್ಟು ಹೇಳಿ ಅವನು ನಮ್ಮ ಪಕ್ಕದಲ್ಲೇ, ಜಲ್ಲಿಯ ಮೇಲೆ ಕೂತುಬಿಟ್ಟ.

ಆಮೇಲೆ ಸಂಘದ ಮನೆಯಲ್ಲಿ, ಅದೇ ಚಾಪೆಗಳ ಮೇಲೆ, ಸರಿಯಾದ ಹಾಳೆಯನ್ನು ಹಂಚಿದೆ. ಈ ಸಲ ಬಣ್ಣ ಹಾಕಲಿಲ್ಲ. ಭಾನುವಾರದ ಸೆಪ್ಟೆಂಬರ್ ಮೂರನ್ನೂ ನೆನಪಿಸಿದೆ. ಎಸೇಟಾ ಅತ್ತೆಯ ಮುಖ ಬಾಡಿತು. "ಆ ಕಂಪ್ಯೂಟರೇ ಸರಿಯಿಲ್ಲ" ಅಂದರು. ಸುತ್ತ ಇದ್ದವರೆಲ್ಲ ಹೌದೌದು, ಕಂಪ್ಯೂಟರೇ ಸರಿಯಿಲ್ಲ ಅಂದರು. "ಅದು ಸರಿಯಾಗಿಯೇ ಇದೆ, ನಾನು ಕೇಳಬೇಕಿತ್ತು, ಕೇಳಲಿಲ್ಲ" ಎಂದು ಮೂರು ಸಲ ಹೇಳಿದೆ. ಒಪ್ಪಿದರೋ ಇಲ್ಲವೋ ತಿಳಿಯದು. ನಿನ್ನ ಹೆಸರಿಗೆ ಅಂಟಿದ್ದು ತೊಳೆದು ಹೋಯಿತೆಂದು ಮಾತ್ರ ಎಲ್ಲರ ಬಾಯಿಂದಲೂ ಹೇಳಿಸಿದೆ. "ಮಾರ್ಚ್‌ನಲ್ಲಿ ಮಾಡ್ತಾನೆ ಬಿಡು" ಅನ್ನುವ ಮಾತು ಈಗ ಊರಲ್ಲಿ ಕೇಳಿಸುವುದಿಲ್ಲ. ಅದಾಡಿದವರೆಲ್ಲ ಬೇರೆ ಯಾರೋ ಅನ್ನುವಂತೆ ಇದ್ದಾರೆ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಕ್ಷಮಿಸು ಎಂದು ಬರೆದು. ಆದರೆ ಮೊನ್ನೆ ಇನ್ನೊಂದಾಯಿತು.

ಫೆಬ್ರವರಿಯಿಂದ ನಮ್ಮೂರಿನ ನೀರನ್ನು ಯಾರೂ ನೋಡಿಲ್ಲ. ನಿನ್ನ ಜಾಗಕ್ಕೆ ಯಾರೂ ಬಂದಿಲ್ಲ. ಈ ಜುಲೈ ಮೂರರ ಬೆಳಿಗ್ಗೆ ಬೀಗದ ಕೈ ಇಸಿದುಕೊಂಡು, ಧೂಳು ಕೂತ ಡಬ್ಬಿಯಿಂದ ಒಂದು ಬಾಟಲಿ ತೆಗೆದುಕೊಂಡು ಕೊಳಕ್ಕೆ ಇಳಿದೆ. ದಂಡೆಯಲ್ಲಿ ತುಂಬಲಿಲ್ಲ, ನೀನು ಗದರಿದ್ದು ನೆನಪಿತ್ತು, ಸ್ವಲ್ಪ ಒಳಗೇ ಹೋದೆ. ಎರಡು ದಿನ ಕಿಟಕಿಯ ಪಕ್ಕ ಇಟ್ಟೆ. ನಿನ್ನೆ ನೋಡಿದರೆ ಮಸಿಯಷ್ಟು ಕಪ್ಪು. ನಿನ್ನ ಹಾಗೇ ಅದನ್ನು ಎತ್ತಿ ಹಿಡಿದುಕೊಂಡು ಊರಿನ ತುದಿಯಿಂದ ತುದಿಗೆ ನಡೆದೆ. ಮೌನವಾಗಿ ಅಲ್ಲ, ಕುದಿಸಿ ಕುಡಿಯಿರಿ ಎಂದು ಪ್ರತಿ ಮನೆಯೆದುರೂ ನಿಂತು ಹೇಳಿದೆ. ಎಸೇಟಾ ಅತ್ತೆ ಬೀಸಣಿಗೆ ನಿಲ್ಲಿಸಿ ಬಾಟಲಿ ನೋಡಿದರು.

"ಟಾಲೀಟಾ ಹೇಳಿದ್ಲಾ?"

"ಇಲ್ಲತ್ತೆ, ನಾನೇ ನೋಡಿದ್ದು."

"ನೀನು ಅವತ್ತೂ ನೋಡಿದೀನಿ ಅಂದಿದ್ದೆ ಕಣೆ. ಅವಳು ಹೇಳ್ಲಿ, ಕುದಿಸ್ತೀವಿ."

ನಾಲ್ಕೈದು ಮನೆಯವರು ಕುದಿಸುತ್ತಿದ್ದಾರೆ. ಉಳಿದವರು ನಗುತ್ತಾ ತಲೆಯಾಡಿಸಿ ಕೊಳವೆಯಿಂದಲೇ ಹಿಡಿದು ಕುಡಿಯುತ್ತಿದ್ದಾರೆ, ಮಕ್ಕಳಿಗೂ ಕೊಡುತ್ತಿದ್ದಾರೆ. ಆಸ್ಪತ್ರೆಯವರು ಮುಂದಿನ ವಾರ ಯಾರನ್ನಾದರೂ ಕಳಿಸುತ್ತೇವೆ ಅಂದಿದ್ದಾರೆ. ಆಪೆಲು ಅಣ್ಣ ನಿನಗೆ ಆರು ಸಲ ಫೋನು ಮಾಡಿದ, ನೀನು ಅವನದ್ದೂ ತೆಗೆಯಲಿಲ್ಲ. ಲೂಪೆ ಚಿಕ್ಕಮ್ಮನ ಹಡಗು ಇವತ್ತು ಸಂಜೆಗೆ. ಅವಳು ಬರುತ್ತಾಳೆಂದು ನಾನು ತಪ್ಪಾಗಿ ಎಣಿಸಿದ್ದ ದಿನವೇ ಅವಳು ಹೊರಟಿದ್ದಾಳೆ.

ನನ್ನನ್ನು ಕ್ಷಮಿಸೆಂದು ಕೇಳುವುದಿಲ್ಲ, ಅದಕ್ಕೆ ನಿನಗೆ ಬೇಕಾದಷ್ಟು ಕಾಲ ತೆಗೆದುಕೋ. ವಾಪಸು ಬಾ ಎಂದು ಕರೆಯುವ ಮುಖವೂ ನನಗಿಲ್ಲ. ಒಂದೇ ಒಂದು ಸಾಲು ಬರೆದು ಫೋಟೋ ತೆಗೆದು ಅಣ್ಣನಿಗೆ ಕಳಿಸು, ನೀರು ಕುದಿಸಿ ಕುಡಿಯಿರಿ ಎಂದು. ನಿನ್ನ ಕೈಬರಹ ಇಲ್ಲಿ ಎಲ್ಲರಿಗೂ ಗೊತ್ತು. ಕೆಳಗೆ ತಾರೀಖು ಹಾಕು, ನಿನಗೆ ಹೇಗೆ ಅಭ್ಯಾಸವೋ ಹಾಗೇ ಹಾಕು. ಈ ಸಲ ನಾನು ಸರಿಯಾಗಿ ಓದುತ್ತೇನೆ.

ನೀನು ಕುಡಿಯುವ ನೀರು ತಿಳಿಯಾಗಿರಲಿ, ಮೊಮ್ಮಗಳು ನಿನ್ನಷ್ಟೇ ಹಟಮಾರಿಯಾಗಿ ಬೆಳೆಯಲಿ. ತೋಫಾ, ಬರುತ್ತೇನೆ ಅಕ್ಕ.

ನಿನ್ನ ಜುಲೈ ಬಾಟಲಿ ತುಂಬಿದವಳು,
ಪೆನೀನಾ

ಇಲ್ಲಿ ಜುಲೈ ತಿಂಗಳ ಆರನೇ ತಾರೀಖು, ಶನಿವಾರ. ತಾರೀಖು ಬದಲಾಗುವ ಗೆರೆಯಾಚೆ, ನಿನಗಲ್ಲಿ ಇನ್ನೂ ಶುಕ್ರವಾರ.